ಗೀಸರ್ ಹೊರಗಿದೆ ಎಂದುಕೊಂಡಿದ್ದೆವು

ಮೂರನೇ ಮಹಡಿ, ಬೆಂಗಳೂರು

ನಾಲ್ಕು ದಿನಗಳಿಂದ ಬರೆಯಲು ಕುಳಿತು ಎದ್ದು ಹೋಗುತ್ತಿದ್ದೇನೆ. ನಿನ್ನೆ ಸಂಜೆ ತಂಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ಒಂದು ಲೋಟ ಕಾಫಿ ಕುಡಿದು ‘ಸಕ್ಕರೆ ಕಡಿಮೆಯಾಯಿತು’ ಎಂದು ಮುಖ ಸಿಂಡರಿಸಿದಳು. ಅದನ್ನು ನೋಡಿದ ಮೇಲೆ ಬರೆಯುವ ಧೈರ್ಯ ಬಂದಿದೆ.

ನರಕ ಚತುರ್ದಶಿಯ ಬೆಳಗಿನ ಜಾವ. ತಂಗಿ ತನ್ನ ಇಬ್ಬರು ಮಕ್ಕಳೊಂದಿಗೆ ಹಬ್ಬಕ್ಕೆ ಬಂದಿದ್ದಳು. ಅಮ್ಮ ನಾಲ್ಕೂವರೆಗೇ ಎಲ್ಲರನ್ನೂ ಎಬ್ಬಿಸಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಇಟ್ಟರು. ಮೊದಲು ಅಪ್ಪ, ಆಮೇಲೆ ನಾನು, ನನ್ನ ಮಗ, ತಂಗಿಯ ಮಕ್ಕಳು, ನನ್ನ ಹೆಂಡತಿ. ಒಬ್ಬರು ಹೊರಗೆ ಬಂದ ಕೂಡಲೇ ಇನ್ನೊಬ್ಬರು ಒಳಗೆ. ಎಣ್ಣೆ ಹೋಗುವ ತನಕ ಸೀಗೆಪುಡಿ ಉಜ್ಜಬೇಕು, ಹಾಗಾಗಿ ಯಾರದೂ ಐದು ನಿಮಿಷದ ಸ್ನಾನವಲ್ಲ. ಕೊನೆಗೆ ತಂಗಿ ಹೋದಳು. ಆ ಹೊತ್ತಿಗೆ ಆರೂಕಾಲು.

ನಮ್ಮದು ಗ್ಯಾಸ್ ಗೀಸರ್. ಆದರೆ ಬಚ್ಚಲುಮನೆಯೊಳಗೆ ಇಲ್ಲ. ಅಷ್ಟು ತಿಳಿವಳಿಕೆ ನಮಗೂ ಇತ್ತು. ಆರು ವರ್ಷದ ಹಿಂದೆ ಹಾಕಿಸುವಾಗಲೇ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ಹೊರಗಾಳಿಗೆ, ಗೋಡೆಗೆ ಹಾಕಿಸಿದ್ದೆವು. ಆರು ವರ್ಷ ಒಂದು ದಿನವೂ ತೊಂದರೆಯಾಗಲಿಲ್ಲ. ಆದರೆ ಈ ಆಗಸ್ಟ್‌ನಲ್ಲಿ ಪಾರಿವಾಳದ ಕಾಟ ತಾಳಲಾರದೆ, ಮಳೆಯ ಇರಚಲೂ ಹೊಡೆಯುತ್ತಿದ್ದುದರಿಂದ, ಯುಟಿಲಿಟಿಗೆ ಮೇಲಿನಿಂದ ಕೆಳಗಿನ ತನಕ ಜಾರುವ ಗಾಜಿನ ಬಾಗಿಲು ಕೂರಿಸಿದೆವು. ಅಂದವಾಗಿಯೂ ಕಾಣುತ್ತಿತ್ತು. ಆವತ್ತು ಬೆಳಗ್ಗೆ ತುಂತುರು ಇತ್ತು, ಗಾಜು ಪೂರ್ತಿ ಎಳೆದಿತ್ತು. ಬಚ್ಚಲುಮನೆಯ ಗವಾಕ್ಷಿ ತೆರೆಯುವುದು ಅದೇ ಯುಟಿಲಿಟಿಗೆ, ಸರಿಯಾಗಿ ಗೀಸರ್‌ನ ತಲೆಯ ಮೇಲೆ.

ಹತ್ತು ನಿಮಿಷವಾದ ಮೇಲೆ ಒಳಗೆ ಚೊಂಬು ಬಿದ್ದ ಸದ್ದು. ಕರೆದರೆ ಉತ್ತರವಿಲ್ಲ. ಚಿಲಕ ಮುರಿದು ಒಳಗೆ ಹೋದಾಗ ತಂಗಿ ಗೋಡೆಗೆ ಒರಗಿದಂತೆ ಕುಸಿದಿದ್ದಳು, ಕಣ್ಣು ಅರೆತೆರೆದಿತ್ತು, ನಲ್ಲಿ ಹರಿಯುತ್ತಲೇ ಇತ್ತು. ಬೆಡ್‌ಶೀಟ್ ಸುತ್ತಿ ಹಜಾರಕ್ಕೆ ಎಳೆದು ತಂದೆವು. ಎಳೆದದ್ದಷ್ಟೇ, ನನಗೂ ಮೊಣಕಾಲು ಹಿಡಿತ ತಪ್ಪಿತು.

ಹತ್ತಿರದ ಚಿಕಿತ್ಸಾಲಯದಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದರು. 98. ‘ಖಾಲಿ ಹೊಟ್ಟೆ, ಬಿಸಿನೀರು, ಬಿಪಿ ಇಳಿದಿದೆ, ಎಳನೀರು ಕೊಡಿ’ ಎಂದರು. ಮನೆಗೆ ಹೊರಟಿದ್ದೆವು. ಆಗ ನನ್ನ ಹೆಂಡತಿ, ‘ಅತ್ತೆಗೂ ತಲೆ ಸಿಡಿಯುತ್ತಿದೆ, ಚಿಕ್ಕವನು ಎರಡು ಸಲ ವಾಂತಿ ಮಾಡಿದ, ನನಗೂ ಹೊಟ್ಟೆ ತೊಳಸುತ್ತಿದೆ. ಎಲ್ಲರಿಗೂ ಒಟ್ಟಿಗೆ ಬಿಪಿ ಇಳಿಯುತ್ತದೆಯೇ?’ ಎಂದು ಕೇಳಿದಳು. ಆ ಒಂದು ಪ್ರಶ್ನೆಯಿಂದ ನಾವು ದೊಡ್ಡ ಆಸ್ಪತ್ರೆಗೆ ಗಾಡಿ ತಿರುಗಿಸಿದೆವು. ಅಲ್ಲಿ ರಕ್ತ ಪರೀಕ್ಷೆಯಲ್ಲಿ, ಉರಿಗೆ ಗಾಳಿ ಸಾಲದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಶೇ 24 ಎಂದು ಬಂತು, ಅದೂ ಎರಡು ಗಂಟೆ ಕಳೆದ ಮೇಲೆ.

ಗೀಸರ್‌ಗೆ ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಇದೆ. ಆದರೆ ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಎನ್ನುವುದು ಈಗ ಗೊತ್ತಾಯಿತು. ತಿಳಿದವರು ಹೇಳಿ: ನಾವು ಮಾಡಿದ ತಪ್ಪು ಗಾಜು ಒಂದೇ ತಾನೇ?

ತುಂಗಾತೀರದವಳು, ಶಿವಮೊಗ್ಗ

ತಮ್ಮಾ, ಓದಿ ಎದೆ ಹಿಡಿದುಕೊಂಡೆ. ತಂಗಿ ಉಳಿದದ್ದು ದೊಡ್ಡದು. ನಿನ್ನ ಹೆಂಡತಿಗೆ ಒಂದು ಸೀರೆ ತಂದುಕೊಡು, ನಾನು ಹೇಳಿದೆನೆಂದು ಹೇಳು.

ನಮ್ಮ ತವರುಮನೆಯಲ್ಲಿ ಬಚ್ಚಲು ಒಲೆ ಇತ್ತು. ಹಂಡೆಯ ಕೆಳಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ಕರಟ. ಹೊಗೆಗೆ ಕಣ್ಣು ಉರಿದು ಹುಡುಗರೆಲ್ಲ ಹೊರಗೆ ಓಡುತ್ತಿದ್ದೆವು. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು, ಬಾಗಿಲಿನ ಕೆಳಗೆ ಬೆಕ್ಕು ನುಸುಳುವಷ್ಟು ಜಾಗ ಇರುತ್ತಿತ್ತು. ಈಗಿನ ಬಚ್ಚಲಲ್ಲಿ ಇರುವೆ ನುಸುಳಲೂ ಸಂದಿಯಿಲ್ಲ. ಹೊಗೆ ಕಾಣಿಸುವುದೂ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ಅದೇ ಭಯ.

ಹಳೇ ಮಿಸ್ತ್ರಿ

ಮೂವತ್ತು ವರ್ಷ ಕೊಳಾಯಿ ಕೆಲಸ, ಅದರಲ್ಲಿ ಹದಿನೈದು ವರ್ಷ ಗ್ಯಾಸ್ ಗೀಸರ್ ಕೂರಿಸಿದ್ದೇನೆ, ಬಿಚ್ಚಿದ್ದೇನೆ. ಮೂರನೇ ಮಹಡಿಯವರೇ, ಗಾಜು ಮುಖ್ಯ ತಪ್ಪು, ಆದರೆ ಒಂದೇ ತಪ್ಪಲ್ಲ.

ಗೀಸರ್‌ನ ಹೊಟ್ಟೆಯಲ್ಲಿ ಬರ್ನರ್, ಅದರ ಮೇಲೆ ತಾಮ್ರದ ಕೊಳವೆ, ಕೊಳವೆಗೆ ಬಾಚಣಿಗೆಯ ಹಲ್ಲಿನಂತೆ ತೆಳು ರೆಕ್ಕೆಗಳು. ಉರಿ ಆ ರೆಕ್ಕೆಗಳ ನಡುವೆ ನುಗ್ಗಿ ಮೇಲೆ ಹೋಗಬೇಕು. ಆರು ವರ್ಷ ಯುಟಿಲಿಟಿಯಲ್ಲಿ ನೇತಾಡಿದ ಪೆಟ್ಟಿಗೆ ಎಂದರೆ ಅದರಲ್ಲಿ ಧೂಳು, ಬಟ್ಟೆ ಒಗೆಯುವ ಯಂತ್ರದ ನೂಲು, ಜೇಡರ ಬಲೆ, ನಿಮ್ಮ ವಿಷಯದಲ್ಲಿ ಪಾರಿವಾಳದ ಪುಕ್ಕವೂ ಇರಬಹುದು. ರೆಕ್ಕೆಗಳ ಸಂದಿ ಮುಚ್ಚಿದರೆ ಉರಿಗೆ ಉಸಿರು ಕಟ್ಟುತ್ತದೆ. ನೀಲಿ ಉರಿ ಹಳದಿಗೆ ತಿರುಗುತ್ತದೆ, ಮುಚ್ಚಳದ ಅಂಚಿಗೆ ಮಸಿ ಹಿಡಿಯುತ್ತದೆ. ಮಸಿ ಕಂಡ ದಿನ ಗೀಸರ್ ಹಚ್ಚಬಾರದು. ಎಷ್ಟು ಮನೆಯಲ್ಲಿ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ‘ಈಗ ಸರಿಯಾಯಿತು’ ಎಂದಿದ್ದಾರೋ ಲೆಕ್ಕವಿಲ್ಲ.

ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿ ಮಾಡಿಸಬೇಕು. ನಾನು ಹೇಳಿದರೆ ‘ಬಿಸಿನೀರು ಬರುತ್ತಿದೆಯಲ್ಲ’ ಎನ್ನುತ್ತಾರೆ. ಬಿಸಿನೀರು ಕೊನೆಯ ಕ್ಷಣದ ತನಕ ಬರುತ್ತದೆ.

ಇನ್ನು ‘ಹೊರಗೆ’ ಎನ್ನುವ ಮಾತು. ನಾನು ಹೊರಗೆ ಕೂರಿಸಿ ಬಂದ ಗೀಸರ್ ಎಷ್ಟೋ ಕಡೆ ಎರಡು ವರ್ಷದಲ್ಲಿ ಒಳಗೆ ಸೇರಿರುತ್ತದೆ. ಗೀಸರ್ ಅಲ್ಲೇ ಇರುತ್ತದೆ, ಮನೆ ಅದರ ಸುತ್ತ ಬೆಳೆದಿರುತ್ತದೆ. ಬಾಲ್ಕನಿಗೆ ಗಾಜು, ಹಿತ್ತಲಿಗೆ ತಗಡು, ಓಣಿಗೆ ಕಳ್ಳರ ಭಯಕ್ಕೆ ಶಟರ್. ಇನ್ನೊಂದು ಮರೆಯುವ ವಿಷಯ: ಎರಡು ಕಟ್ಟಡಗಳ ನಡುವಿನ ಗಾಳಿಗೂಡಿಗೆ ಗೀಸರ್ ಹಾಕಿ, ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿದ್ದರೆ ಅದೂ ಒಂದು ಕೋಣೆಯೇ. ಮೇಲಿನ ಮನೆಯವರ ಗವಾಕ್ಷಿಯೂ ಅದೇ ಗೂಡಿಗೆ ತೆರೆಯುತ್ತದೆ.

ಎಕ್ಸಾಸ್ಟ್ ಫ್ಯಾನ್ ಇದೆ ಎನ್ನುವವರಿಗೆ ಒಂದು ಮಾತು. ಫ್ಯಾನ್ ಗಾಳಿಯನ್ನು ಹೊರಗೆ ಎಸೆಯಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಬಾಗಿಲಿನ ಕೆಳಗೆ ಜಾಲರಿ ಇಲ್ಲದಿದ್ದರೆ ಅದು ಬರೀ ಗಿರಗಿರನೆ ತಿರುಗುತ್ತದೆ. ನಿಮ್ಮಂಥ ಮನೆಯಲ್ಲಿ ಅಡುಗೆಮನೆಯ ಚಿಮಣಿ ಹಾಕಿದರೆ, ಅದು ಗಾಳಿಯನ್ನು ಎಲ್ಲಿಂದ ಎಳೆಯುತ್ತದೆ? ಯುಟಿಲಿಟಿಯಿಂದ. ಅಮ್ಮನಿಗೆ ತಲೆ ಸಿಡಿದದ್ದು ಅದಕ್ಕೇ ಇರಬೇಕು.

ನೇರಮಾತು, ತುಮಕೂರು

ಎಲ್ಲರೂ ಕ್ಷಮಿಸಬೇಕು, ನನಗೆ ಇದು ಅತಿಯಾಯಿತು ಎನಿಸುತ್ತದೆ. ನಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲುಮನೆಯೊಳಗೇ ಇದೆ. ಹತ್ತು ವರ್ಷವಾಯಿತು. ಯಾರಿಗೂ ನೆಗಡಿಯೂ ಆಗಿಲ್ಲ. ಗ್ಯಾಸ್ ಸೋರಿದರೆ ಕೊಳೆತ ವಾಸನೆ ಬಂದೇ ಬರುತ್ತದೆ, ಮೂಗು ಇದ್ದವರಿಗೆ ತಿಳಿಯುತ್ತದೆ. ಸಾಲದ್ದಕ್ಕೆ ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿದ್ದೇನೆ. ವಿದ್ಯುತ್ ಗೀಸರ್‌ನಲ್ಲಿ ಶಾಕ್ ಹೊಡೆದು ಸತ್ತವರಿಲ್ಲವೇ? ಹಾಗೆಂದು ಅದನ್ನೂ ತೆಗೆಯಬೇಕೇ?

ಸೀಮೆಸುಣ್ಣ

ನೇರಮಾತು ಅವರೇ, ಇಪ್ಪತ್ತೆರಡು ವರ್ಷ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿದ್ದೇನೆ, ಹಾಗಾಗಿ ಸುಮ್ಮನಿರಲಾರೆ. ಎರಡು ಅನಿಲಗಳನ್ನು ನೀವು ಒಂದೇ ಎಂದುಕೊಂಡಿದ್ದೀರಿ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಅವಕ್ಕೂ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಸಿಲಿಂಡರಿನಲ್ಲಿ ಇರುವುದೇ ಇಲ್ಲ. ಅದು ಉರಿಯಲ್ಲಿ ಹುಟ್ಟುತ್ತದೆ. ಉರಿಯುವಾಗ ಮರ್ಕ್ಯಾಪ್ಟನ್ನೂ ಸುಟ್ಟುಹೋಗುತ್ತದೆ. ಮೂಗಿಗೆ ಕೆಲಸವೇ ಇಲ್ಲ. ನಿಮ್ಮ ಸೋರಿಕೆ ಅಲಾರಂ ಕೂಡ ಸುಡದ ಅನಿಲವನ್ನು ಹಿಡಿಯಲು ಮಾಡಿದ್ದು, ಮಾನಾಕ್ಸೈಡ್ ಹಿಡಿಯುವ ಅಲಾರಂ ಬೇರೆಯೇ, ಒಂದನ್ನು ನಂಬಿ ಇನ್ನೊಂದನ್ನು ಬಿಡಬೇಡಿ.

ಈಗ ಒಂದು ಲೆಕ್ಕ, ಕರಿಹಲಗೆಯ ಮೇಲೆ ಮಾಡಿದಂತೆ ಮಾಡುತ್ತೇನೆ. ನಿಮಿಷಕ್ಕೆ ಆರು ಲೀಟರ್ ನೀರನ್ನು ಇಪ್ಪತ್ತೈದು ಡಿಗ್ರಿ ಬಿಸಿ ಮಾಡಲು ಹತ್ತು ಕಿಲೋವಾಟ್‌ಗಿಂತ ಹೆಚ್ಚು ಶಾಖ ಬೇಕು. ಪೋಲಾಗುವುದನ್ನು ಸೇರಿಸಿದರೆ ಹನ್ನೆರಡು. ಅಂದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಎಲ್‌ಪಿಜಿ. ಒಂದು ಕಿಲೋ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಹದಿನೈದು ನಿಮಿಷದ ಸ್ನಾನಕ್ಕೆ ಕಾಲು ಕಿಲೋ ಗ್ಯಾಸ್, 3 ಘನ ಮೀಟರ್ ಗಾಳಿ. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವ ಒಟ್ಟು ಗಾಳಿ 7 ಘನ ಮೀಟರ್‌ಗೂ ಕಡಿಮೆ. ಒಂದೇ ಸ್ನಾನದಲ್ಲಿ ಹತ್ತಿರ ಹತ್ತಿರ ಅರ್ಧ ಕೋಣೆಯ ಆಮ್ಲಜನಕವನ್ನು ಗೀಸರ್ ತಿಂದಿರುತ್ತದೆ. ಉಳಿದದ್ದನ್ನು ನೀವು ಮತ್ತು ಉರಿ ಹಂಚಿಕೊಳ್ಳಬೇಕು.

ಅಷ್ಟು ದೂರ ಹೋಗುವ ಮೊದಲೇ ಕೆಡುಕು ಶುರುವಾಗುತ್ತದೆ. ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕ ಎರಡು ಮೂರು ಅಂಶ ಇಳಿದರೆ ಸಾಕು, ಇಂಗಾಲಕ್ಕೆ ಎರಡು ಆಮ್ಲಜನಕ ಪರಮಾಣು ಸಿಗದೆ ಒಂದಕ್ಕೇ ತೃಪ್ತಿಪಡಬೇಕಾಗುತ್ತದೆ. ಅದೇ ಮಾನಾಕ್ಸೈಡ್. ರಕ್ತದ ಹಿಮೋಗ್ಲೋಬಿನ್‌ಗೆ ಅದರ ಮೇಲಿನ ಮೋಹ ಆಮ್ಲಜನಕದ ಮೇಲಿರುವುದಕ್ಕಿಂತ 200 ಪಟ್ಟಿಗೂ ಹೆಚ್ಚು.

ಹತ್ತು ವರ್ಷ ಏನೂ ಆಗಿಲ್ಲ ಎಂದಿರಿ. ಬಹುಶಃ ನಿಮ್ಮ ಬಚ್ಚಲಿನ ಗವಾಕ್ಷಿಯ ಒಂದು ಗಾಜು ಒಡೆದಿರಬೇಕು. ಹೌದೋ ಅಲ್ಲವೋ ನೋಡಿ ಹೇಳಿ.

ನೇರಮಾತು, ತುಮಕೂರು

ಒಂದಲ್ಲ, ಎರಡು ಒಡೆದಿವೆ. ಹೋದ ವಾರವಷ್ಟೇ ಹೊಸದು ಹಾಕಿಸಬೇಕೆಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಇರಲಿ, ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ನಾನು ಅಳೆದು ನೋಡಿಯೇ ನಂಬುವವನು.

ತುರ್ತು ಚಿಕಿತ್ಸೆಯ ವೈದ್ಯೆ

ಮೊದಲು ಆಕ್ಸಿಮೀಟರ್‌ನ ವಿಷಯ, ಏಕೆಂದರೆ ಕೋವಿಡ್ ಕಾಲದಿಂದ ಅದು ಎಲ್ಲರ ಮನೆಯಲ್ಲೂ ಇದೆ, ಎಲ್ಲರೂ ಅದನ್ನು ನಂಬುತ್ತಾರೆ. ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಬಣ್ಣ ನೋಡುವ ಯಂತ್ರ ಅದು. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನೂ ಅದರ ಕಣ್ಣಿಗೆ ಆಮ್ಲಜನಕ ಹೊತ್ತದ್ದರಂತೆಯೇ ಕೆಂಪಗೆ ಕಾಣುತ್ತದೆ. ಹಾಗಾಗಿ ಉಸಿರುಗಟ್ಟುತ್ತಿರುವವರ ಬೆರಳಲ್ಲೂ 98 ತೋರಿಸಬಹುದು. ಗೊತ್ತಾಗಬೇಕಾದರೆ ಕೋ-ಆಕ್ಸಿಮೆಟ್ರಿ, ಅಂದರೆ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನು ಬೇರೆಯಾಗಿ ಅಳೆಯುವ ವ್ಯವಸ್ಥೆ, ಇರುವ ರಕ್ತ ಅನಿಲ ಪರೀಕ್ಷೆಯೇ ಆಗಬೇಕು. ‘ಸ್ನಾನದ ಮನೆಯಲ್ಲಿ ಬಿದ್ದರು, ಗ್ಯಾಸ್ ಗೀಸರ್ ಇತ್ತು’ ಎಂಬ ಎರಡನ್ನೂ ಒಂದೇ ಉಸಿರಿನಲ್ಲಿ ವೈದ್ಯರಿಗೆ ಹೇಳಿ. ಹೇಳದಿದ್ದರೆ ನಾವೂ ತಪ್ಪುತ್ತೇವೆ, ನಾನೂ ಒಮ್ಮೆ ತಪ್ಪಿದ್ದೇನೆ.

ಎರಡು ಗಂಟೆ ಕಳೆದ ಮೇಲೂ 24 ಇತ್ತೆಂದರೆ ಬಿದ್ದಾಗ ಅದಕ್ಕಿಂತ ಸಾಕಷ್ಟು ಹೆಚ್ಚಿದ್ದಿರಬೇಕು. ಬರೀ ಗಾಳಿಯಲ್ಲಿ ಉಸಿರಾಡುತ್ತಿದ್ದರೆ ಈ ಪ್ರಮಾಣ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಬಿಗಿದು ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಆದ್ದರಿಂದ ಎಳನೀರಿಗಿಂತ ಮೊದಲು ಆಮ್ಲಜನಕ. 108 ಕರೆದರೆ ಆಂಬುಲೆನ್ಸ್‌ನಲ್ಲೇ ಶುರುಮಾಡಬಹುದು. ಗರ್ಭಿಣಿಯರಾದರೆ ತಾಯಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆ ಬಿಡಬಾರದು, ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಅದು ಇನ್ನೂ ನಿಧಾನವಾಗಿ ಹೋಗುತ್ತದೆ.

ಮೂರನೇ ಮಹಡಿಯವರೇ, ತಂಗಿಯ ಮೇಲೆ ಇನ್ನೊಂದು ತಿಂಗಳು ಒಂದು ಕಣ್ಣಿಡಿ. ಕೆಲವರಿಗೆ ಪೂರ್ತಿ ಗುಣವಾದ ಮೇಲೆ, ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ, ಕಾರಣವಿಲ್ಲದ ಸಿಡುಕು ಕಾಣಿಸಿಕೊಳ್ಳುತ್ತದೆ. ಕಂಡರೆ ನರರೋಗ ತಜ್ಞರಿಗೆ ಈ ಹಬ್ಬದ ಬೆಳಗಿನ ಕಥೆಯನ್ನು ಹೇಳಬೇಕು.

ನಮ್ಮ ನಾಡಿಗೇ ವಿಶೇಷವಾದ ಒಂದು ತೊಡಕಿದೆ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಬಹಳ ಕಾಣುತ್ತದೆ. ನಿಮ್ಹಾನ್ಸ್‌ನ ವೈದ್ಯರು ದಶಕಗಳಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಬಿದ್ದು ಕೈಕಾಲು ಸೆಟೆದವರನ್ನು ಕಂಡರೆ ‘ಬಿಸಿನೀರು ಮೂರ್ಛೆ’ ಎಂದು ಬರೆದುಬಿಡುವುದು ಸುಲಭ. ಭಾರತದ ವೈದ್ಯರು ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರಿಟ್ಟು ವರದಿ ಮಾಡಿದ ಪ್ರಕರಣಗಳಲ್ಲೂ ಹೀಗೆ ಮೂರ್ಛೆರೋಗವೆಂದು ಭಾವಿಸಿದವರಿದ್ದಾರೆ. ಬಿಸಿನೀರು ಮೂರ್ಛೆಗೆ ನೀರು ಯಾವ ಒಲೆಯಲ್ಲಿ ಕಾದದ್ದು ಎನ್ನುವುದು ಮುಖ್ಯವಲ್ಲ, ಹೊಳೆಯ ದಂಡೆಯಲ್ಲಿ ಬಿಸಿನೀರು ಸುರಿದರೂ ಬರಬಹುದು. ಗ್ಯಾಸ್ ಗೀಸರ್‌ನಿಂದ ಬೀಳುವುದು ಹಾಗಲ್ಲ, ಅದು ಮುಚ್ಚಿದ ಒಂದೇ ಬಚ್ಚಲಲ್ಲಿ, ಸ್ನಾನ ಮುಗಿಯುವ ಹೊತ್ತಿಗೆ.

ಸೂಲಿಬೆಲೆ ರಸ್ತೆ

ಡಾಕ್ಟರ್ ಅಮ್ಮ, ನಿಮ್ಮ ಕೊನೆಯ ಸಾಲನ್ನು ಓದಿ ಮೈ ಜುಮ್ಮೆಂದಿತು. ನನ್ನ ಅಣ್ಣ ಎರಡು ವರ್ಷದಿಂದ ಮೂರ್ಛೆರೋಗಕ್ಕೆ ಮಾತ್ರೆ ನುಂಗುತ್ತಿದ್ದಾನೆ. ಬಂದದ್ದು ಒಟ್ಟು ಮೂರು ಸಲ, ಮೂರೂ ಗ್ಯಾಸ್ ಗೀಸರ್ ಒಳಗೇ ಇರುವ ಬಾಡಿಗೆ ಮನೆಯ ಬಚ್ಚಲಲ್ಲಿ, ಮೂರೂ ಚಳಿಗಾಲದಲ್ಲಿ. ಊರಿಗೆ ಬಂದಾಗ ಹಂಡೆಯ ನೀರಿನಲ್ಲಿ ಮನಸಾರೆ ತಲೆಗೆ ಮಿಂದರೂ ಏನೂ ಆಗುವುದಿಲ್ಲ. ‘ಊರಿನ ನೀರು ಒಗ್ಗುತ್ತದೆ’ ಎಂದು ನಮ್ಮಮ್ಮ ಹೇಳುತ್ತಿದ್ದರು. ಮಾತ್ರೆಯ ದೆಸೆಯಿಂದ ಗಾಡಿ ಓಡಿಸುವ ಕೆಲಸ ಬಿಟ್ಟಿದ್ದಾನೆ, ಮದುವೆಗೆ ಗೊತ್ತಾದ ಹೆಣ್ಣಿನ ಕಡೆಯವರೂ ಹಿಂದೆ ಸರಿದರು. ಮಾತ್ರೆ ನಿಲ್ಲಿಸಬಹುದೇ?

ತುರ್ತು ಚಿಕಿತ್ಸೆಯ ವೈದ್ಯೆ

ನೀವಾಗಿ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ನಿಜವಾದ ಮೂರ್ಛೆಯೇ ಬರಬಹುದು. ಮೂರು ಸಲವೂ ಎಲ್ಲಿ, ಯಾವ ತಿಂಗಳು, ಒಳಗೆ ಹೋಗಿ ಎಷ್ಟು ಹೊತ್ತಾಗಿತ್ತು, ಎಚ್ಚರವಾದ ಮೇಲೆ ತಲೆನೋವಿತ್ತೇ ಎಂದು ಒಂದು ಹಾಳೆಯಲ್ಲಿ ಬರೆದು ಅವರ ನರರೋಗ ತಜ್ಞರಿಗೆ ಕೊಡಿ. ಗೀಸರ್ ಬಚ್ಚಲೊಳಗೆ ಇದೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಆ ಬಚ್ಚಲಲ್ಲಿ ಅಣ್ಣ ನಾಳೆಯಿಂದ ಅದನ್ನು ಹಚ್ಚದಿರಲಿ. ಇದು ತಜ್ಞರನ್ನು ಕಾಯುವ ವಿಷಯವಲ್ಲ.

ಬಾಣಂತಿ ಕೋಣೆಯಿಂದ

ಗೀಸರ್ ಅಲ್ಲದ ವಿಷಯ, ಆದರೆ ಇಲ್ಲೇ ಹೇಳಬೇಕು. ಹೆರಿಗೆಯಾಗಿ ಹತ್ತೊಂಬತ್ತು ದಿನ. ತವರಿನಲ್ಲಿದ್ದೇನೆ. ಸ್ನಾನವಾದ ಮೇಲೆ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ, ಮೇಲೆ ಸಾಂಬ್ರಾಣಿ. ಗಾಳಿ ಸೋಕಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ನನಗೆ ದಿನವೂ ಮಧ್ಯಾಹ್ನ ತಲೆ ಭಾರ, ಪಾಪು ಮಂಕಾಗಿ ಮಲಗಿರುತ್ತದೆ. ಅಜ್ಜಿ ‘ಹೊಗೆ ಬರುತ್ತಿಲ್ಲವಲ್ಲ, ಬರೀ ಕೆಂಡ’ ಎನ್ನುತ್ತಾರೆ. ಜಗಳವಾಡುವ ಶಕ್ತಿ ನನಗಿಲ್ಲ.

ಸೀಮೆಸುಣ್ಣ

ಅಮ್ಮಾ, ಇದನ್ನು ಓದುತ್ತಿರುವ ಈ ಕ್ಷಣವೇ ಕಿಟಕಿ ತೆಗೆಸಿ, ಮಗುವನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ. ಹೊಗೆಯಿಲ್ಲದ ಇದ್ದಿಲ ಕೆಂಡ ಹೊಗೆಯಾಡುವ ಸೌದೆಗಿಂತ ಮೋಸಗಾರ. ಕೆಂಪಗೆ ಕಾಣುವ ಕೆಂಡದಿಂದ ಮಾನಾಕ್ಸೈಡ್ ಧಾರಾಳವಾಗಿ ಬರುತ್ತದೆ.

ತುರ್ತು ಚಿಕಿತ್ಸೆಯ ವೈದ್ಯೆ

ಹೊರಗೆ ಬಂದ ಮೇಲೆ ಇಂದೇ ತಾಯಿ ಮಗು ಇಬ್ಬರೂ ಆಸ್ಪತ್ರೆಗೆ ಹೋಗಿ. ಎಳೆಗೂಸು ಮಂಕಾಗಿದೆ ಎನ್ನುವುದನ್ನು ನಾಳೆಗೆ ಬಿಡುವಂತಿಲ್ಲ.

ತುಂಗಾತೀರದವಳು, ಶಿವಮೊಗ್ಗ

ಅಜ್ಜಿಗೆ ಫೋನ್ ಕೊಡು ಮಗಳೇ, ನಾನು ಓದಿ ಹೇಳುತ್ತೇನೆ. ನಾಲ್ಕು ಬಾಣಂತನ ಮಾಡಿದವಳು ನಾನು. ನಮ್ಮ ಕಾಲದ ಬಾಣಂತಿ ಕೋಣೆಗೆ ಮೇಲೆ ಹೆಂಚಿತ್ತು, ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ತಾರಸಿ ಮನೆಯಲ್ಲಿ ಆ ಶಾಸ್ತ್ರ ನಡೆಯುವುದಿಲ್ಲ. ಬೆಚ್ಚಗಿರಲು ಬಿಸಿನೀರಿನ ಚೀಲ ಸಾಕು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ಸಾಂಬ್ರಾಣಿಯ ಪರಿಮಳ ಬೇಕೇ ಬೇಕಾದರೆ ಅಂಗಳದಲ್ಲಿ ಹಾಕಿ ಬಟ್ಟೆಗೆ ಹಿಡಿಸಿ ತರಲಿ.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಮ್ಮ ಬಾಡಿಗೆ ಮನೆಯ ಬಾಯ್ಲರ್, ಅಂದರೆ ನೀರನ್ನೂ ಮನೆಯನ್ನೂ ಬಿಸಿ ಮಾಡುವ ಗ್ಯಾಸ್ ಯಂತ್ರವನ್ನು ಪರೀಕ್ಷಿಸಲು ಒಬ್ಬರು ಬಂದರು. ‘ಕೆಲಸ ಮಾಡುತ್ತಿದೆ, ಬೇಡ’ ಎಂದೆ. ಅವರು ನಕ್ಕು, ಇದು ನಿಮ್ಮ ಇಷ್ಟವಲ್ಲ, ಮನೆ ಮಾಲೀಕರ ಕಾನೂನುಬದ್ಧ ಕರ್ತವ್ಯ ಎಂದರು. ಇಲ್ಲಿ ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ, ‘ಗ್ಯಾಸ್ ಸೇಫ್’ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರಿಂದಲೇ ಪರೀಕ್ಷಿಸಬೇಕು. 2022ರ ಅಕ್ಟೋಬರ್‌ನಿಂದ ಬಾಯ್ಲರ್‌ನಂತಹ ಉರಿಯುವ ಸ್ಥಿರ ಉಪಕರಣವಿರುವ ಕೋಣೆಗೆಲ್ಲ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ, ಅಡುಗೆ ಒಲೆಗೆ ಮಾತ್ರ ವಿನಾಯಿತಿ. ಈಗಿನ ಬಾಯ್ಲರ್‌ಗಳು ಗಾಳಿಯನ್ನು ಗೋಡೆಯಾಚೆಯಿಂದಲೇ ಎಳೆದುಕೊಂಡು, ಹೊಗೆಯನ್ನೂ ಗೋಡೆಯಾಚೆಗೇ ಬಿಡುತ್ತವೆ. ಕೋಣೆಯ ಗಾಳಿಗೂ ಉರಿಗೂ ಸಂಬಂಧವೇ ಇಲ್ಲ. ನಮ್ಮ ಊರಿನ ನಾಲ್ಕೈದು ಸಾವಿರದ ಗೀಸರ್‌ಗೆ ಹೊಗೆಕೊಳವೆಯೇ ಇರುವುದಿಲ್ಲ ಎಂದು ಹೇಳಿದರೆ ಇಲ್ಲಿಯವರು ನಂಬುವುದಿಲ್ಲ.

ಅಲಾರಂ ಬಗ್ಗೆ ಒಂದೆರಡು ಮಾತು. ಅದು ಮಾನಾಕ್ಸೈಡ್ ಕಂಡ ಕೂಡಲೇ ಕೂಗುವುದಿಲ್ಲ, ಪ್ರಮಾಣ ಮತ್ತು ಸಮಯ ಎರಡನ್ನೂ ಲೆಕ್ಕ ಹಾಕುತ್ತದೆ. ಯುರೋಪಿನ ಮಾನದಂಡದಲ್ಲಿ 50 ಪಿಪಿಎಂ ಇದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ, 100 ಇದ್ದರೆ ಹತ್ತರಿಂದ ನಲವತ್ತು ನಿಮಿಷದೊಳಗೆ, 300 ಇದ್ದರೆ ಮೂರು ನಿಮಿಷದೊಳಗೆ. ಪಿಪಿಎಂ ಎಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು. ಬಚ್ಚಲಿನೊಳಗೆ ಇಡಬೇಡಿ, ಹಬೆಗೆ ಹಾಳಾಗುತ್ತದೆ. ಮಲಗುವ ಕೋಣೆಯಲ್ಲಾದರೆ ತಲೆದಿಂಬಿನ ಎತ್ತರದಲ್ಲಿ ಇಡಿ. ಎಲ್‌ಪಿಜಿಯಂತೆ ಇದು ನೆಲಕ್ಕೆ ಇಳಿಯುವ ಅನಿಲವಲ್ಲ, ಗಾಳಿಗಿಂತ ತುಸು ಹಗುರ, ಎಲ್ಲೆಡೆ ಬೆರೆಯುತ್ತದೆ. ಹಿಂಬದಿಯಲ್ಲಿ ಮುದ್ರಿಸಿದ ಅವಧಿ ಮುಗಿದರೆ ಬದಲಿಸಿ. ಬೆಳಕು ಮಿಟುಕುತ್ತಿರುವುದು ಬ್ಯಾಟರಿ ಇದೆ ಎಂದಷ್ಟೇ ಹೇಳುತ್ತದೆ.

ಅಮ್ಮ ಬಂದಾಗ ಆ ಪೆಟ್ಟಿಗೆ ನೋಡಿ ‘ಇದು ಯಾವ ದೇವರು, ಎಲ್ಲ ಕೋಣೆಯಲ್ಲೂ ಇದೆಯಲ್ಲ’ ಎಂದು ಕೇಳಿದ್ದರು.

ಬಾಡಿಗೆಮನೆವಾಸಿ

ಲೆಸ್ಟರ್‌ನವರೇ, ನಮ್ಮ ಮಾಲೀಕರಿಗೆ ಈ ಕಾನೂನನ್ನು ಪಾರ್ಸೆಲ್ ಮಾಡಿ. ಒಂದೇ ಕೋಣೆಯ ಮನೆ, ಗೀಸರ್ ಬಚ್ಚಲೊಳಗೆ, ಸಿಲಿಂಡರ್ ಕಮೋಡಿನ ಪಕ್ಕ. ‘ವಿದ್ಯುತ್ ಗೀಸರ್ ಹಾಕಿಸಿದರೆ ವೈರಿಂಗ್ ತಡೆಯುವುದಿಲ್ಲ, ಬೇಡವೆಂದರೆ ತಣ್ಣೀರು ಸ್ನಾನ ಆರೋಗ್ಯಕ್ಕೆ ಒಳ್ಳೆಯದು’ ಎನ್ನುತ್ತಾರೆ. ಹತ್ತು ತಿಂಗಳ ಮುಂಗಡ ಅವರ ಕೈಯಲ್ಲಿದೆ. ಕೊರೆಯಲು, ಒಡೆಯಲು ಬಿಡುವುದಿಲ್ಲ. ಹಣವಿಲ್ಲದ ದಾರಿ ಏನಾದರೂ ಇದೆಯೇ?

ಹಳೇ ಮಿಸ್ತ್ರಿ

ಇದೆ, ಮಗು. ಬಕೆಟ್. ಬಾಗಿಲು, ಗವಾಕ್ಷಿ ಹಾರುಹೊಡೆದು, ನೀನು ಹೊರಗೆ ನಿಂತು ಬಕೆಟ್ ತುಂಬಿಸು. ಗೀಸರ್ ಆರಿಸು, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚು, ಹತ್ತು ನಿಮಿಷ ಗಾಳಿಯಾಡಲು ಬಿಡು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೋ. ನೀರು ತುಸು ಆರುತ್ತದೆ, ಅಷ್ಟೇ. ಇದು ಮನೆ ಬದಲಿಸುವ ತನಕ ಮಾತ್ರ. ಸಿಲಿಂಡರನ್ನು ಮೊದಲು ಬಚ್ಚಲಿನಿಂದ ಹೊರಗೆ ತರಿಸು, ಅದಕ್ಕೆ ಯಾರೂ ಗೋಡೆ ಒಡೆಯಬೇಕಾಗಿಲ್ಲ. ರಬ್ಬರ್ ಟ್ಯೂಬಿನ ಮೇಲೆ ಬರೆದ ವರ್ಷವನ್ನೂ ನೋಡು. ಸೋರಿದ ವಾಸನೆ ಬಂದರೆ 1906ಕ್ಕೆ ಕರೆ ಮಾಡು, ಅದು ಎಲ್‌ಪಿಜಿ ತುರ್ತು ಸಂಖ್ಯೆ.

ಕೆಲವು ಹೊಸ ಗೀಸರ್‌ಗಳಲ್ಲಿ ಆಮ್ಲಜನಕ ಇಳಿದರೆ ಉರಿ ಆರಿಸುವ ಸೆನ್ಸರ್ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಒಳ್ಳೆಯದೇ. ಆದರೆ ಬರ್ನರ್ ಕೊಳಕಾಗಿದ್ದರೆ ಆಮ್ಲಜನಕ ಸಾಕಷ್ಟಿದ್ದಾಗಲೂ ಮಾನಾಕ್ಸೈಡ್ ಹುಟ್ಟುತ್ತದೆ, ಆ ಸೆನ್ಸರ್‌ಗೆ ಅದು ತಿಳಿಯುವುದಿಲ್ಲ. ಪೈಪ್ ಗ್ಯಾಸ್ ಬಂದ ಬಡಾವಣೆಯವರು ಹಳೆಯ ಎಲ್‌ಪಿಜಿ ಗೀಸರ್‌ಗೆ ಹಾಗೆಯೇ ಕೊಳವೆ ಸಿಕ್ಕಿಸಬೇಡಿ. ಎರಡಕ್ಕೂ ಒತ್ತಡ ಬೇರೆ, ಜೆಟ್ಟಿನ ತೂತು ಬೇರೆ.

ನೇರಮಾತು, ತುಮಕೂರು

ಅಳೆದೆ.

ಅಂಕಿ ತೋರಿಸುವ ಮಾನಾಕ್ಸೈಡ್ ಅಲಾರಂ ತರಿಸಿದೆ. ಬಚ್ಚಲಿನ ಹೊರಗಿನ ಓಣಿಯಲ್ಲಿ, ಮೊಳೆಗೆ ನೇತುಹಾಕಿದೆ. ಅಡುಗೆಮನೆಯ ಒಲೆ ಉರಿಯುವಾಗ ಸೊನ್ನೆ. ಮೊನ್ನೆ ಮಗ ಸ್ನಾನಕ್ಕೆ ಹೋದ. ಗವಾಕ್ಷಿಗೆ ಹೊಸ ಗಾಜು ಬಂದು ಎರಡು ದಿನವಾಗಿತ್ತು. ಎಂಟನೇ ನಿಮಿಷಕ್ಕೆ ಬಾಗಿಲಿನ ಹೊರಗೇ 38 ಪಿಪಿಎಂ. ಒಳಗೆ ಎಷ್ಟಿತ್ತೋ. ‘ಸೋಪು ಹಾಗೇ ಇರಲಿ, ಹೊರಗೆ ಬಾ’ ಎಂದು ಕೂಗಿದೆ. ಅವನು ಟವೆಲ್ ಸುತ್ತಿಕೊಂಡು ಬಂದು, ನೆರೆಮನೆಯವರೆಲ್ಲ ನೋಡುವಂತೆ ನನ್ನನ್ನು ಬೈದ.

ಹೊಸ ಗಾಜು ತೆಗೆಸಿದೆ. ಹಿಂದಿನ ಬಿಲ್ಲು ವಾಪಸ್ ಬರುವುದಿಲ್ಲವಂತೆ. ಮಿಸ್ತ್ರಿಗಳೇ, ಹಿತ್ತಲ ಗೋಡೆಗೆ ಹಾಕಿಸಬೇಕೆಂದಿದ್ದೇನೆ. ಮೇಲೆ ಮಾಡು ಇಲ್ಲ, ಮಳೆಗೆ ನೆನೆಯುತ್ತದೆ. ತಗಡಿನ ಗೂಡು ಮಾಡಿಸಬಹುದೇ? ನಾಲ್ಕೂ ಕಡೆ ಮುಚ್ಚಿದರೆ ನೀವು ಬೈಯುತ್ತೀರಿ ಎಂದು ಗೊತ್ತು.

ಹಳೇ ಮಿಸ್ತ್ರಿ

ಮೇಲೆ ಒಂದೂವರೆ ಅಡಿ ಬಿಟ್ಟು ಛಾವಣಿಯಂತೆ ಚಾಚಿದ ತಗಡು, ಅಷ್ಟೇ. ಪಕ್ಕ ಎರಡೂ ಬಯಲು. ಬಚ್ಚಲಿನ ಗವಾಕ್ಷಿಯಿಂದ, ಮಲಗುವ ಕೋಣೆಯ ಕಿಟಕಿಯಿಂದ ಆದಷ್ಟು ದೂರ, ಅವುಗಳ ನೇರ ಕೆಳಗಂತೂ ಬೇಡವೇ ಬೇಡ. ಬಿಸಿನೀರಿನ ಕೊಳವೆಗೆ ಮೇಲೊಂದು ಶಾಖ ತಡೆಯುವ ಹೊದಿಕೆ ಸುತ್ತಿಸಿ, ಇಲ್ಲದಿದ್ದರೆ ಹತ್ತಡಿ ದೂರ ಬರುವುದರೊಳಗೆ ಆರಿ, ‘ಹೊರಗೆ ಹಾಕಿದ್ದೇ ತಪ್ಪು’ ಎನ್ನುತ್ತೀರಿ.

ಮೂರನೇ ಮಹಡಿ, ಬೆಂಗಳೂರು

ಎಲ್ಲರಿಗೂ ಋಣಿ. ತಂಗಿ ಚೆನ್ನಾಗಿದ್ದಾಳೆ, ಮರೆವು ಎಂದರೆ ನನಗೆ ಕೊಡಬೇಕಾದ ದುಡ್ಡಿನ ವಿಷಯದಲ್ಲಿ ಮಾತ್ರ, ಅದು ಮೊದಲಿನಿಂದಲೂ ಇತ್ತು.

ಗ್ಯಾಸ್ ಗೀಸರ್ ಬಿಚ್ಚಿಸಿದೆವು. ಮಿಸ್ತ್ರಿ ಹೇಳಿದಂತೆಯೇ ರೆಕ್ಕೆಗಳ ನಡುವೆ ಬೂದು ಬಣ್ಣದ ಹತ್ತಿಯಂಥದ್ದು ಮೆತ್ತಿತ್ತು, ಒಂದು ಪುಕ್ಕವೂ ಇತ್ತು. ಪರಿಚಯದವರೊಬ್ಬರು ‘ಗುಜರಿಗೆ ಯಾಕೆ, ನಮ್ಮ ಹಳ್ಳಿ ಮನೆಗೆ ಕೊಡಿ’ ಎಂದರು. ಕೊಡಲಿಲ್ಲ, ಸ್ವಲ್ಪ ಬೇಸರ ಮಾಡಿಕೊಂಡರು. ವಿದ್ಯುತ್ ಗೀಸರ್ ಹಾಕಿಸುವಾಗ ಅರ್ಥಿಂಗ್ ಪರೀಕ್ಷಿಸಿ, ಸೋರಿಕೆ ವಿದ್ಯುತ್ತಿಗೆ ತಾನೇ ಕಡಿತವಾಗುವ ಸ್ವಿಚ್ಚನ್ನೂ ಕೂರಿಸಿದ್ದೇವೆ. ನೇರಮಾತು ಅವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಗಾಜನ್ನೂ ತೆಗೆಸಿದೆ. ಗೀಸರ್ ಹೋದ ಮೇಲೆ ಗಾಜು ಇದ್ದರೇನು ಎಂದು ಹೆಂಡತಿ ವಾದಿಸಿದಳು. ಅಮ್ಮ ಹಬ್ಬದ ದಿನ ಅಲ್ಲೇ ಇದ್ದಿಲಿನ ಮೇಲೆ ಹೋಳಿಗೆಯ ಹೂರಣ ಬೇಯಿಸುತ್ತಾರೆ, ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದೆ. ಈಗ ಬಲೆ ಕಟ್ಟಿಸಿದ್ದೇವೆ. ಬಲೆಯ ಕಣ್ಣು ದೊಡ್ಡದಾಯಿತು, ಎರಡು ಪಾರಿವಾಳ ನಿನ್ನೆ ಒಳಗೆ ಬಂದು ಹೊಸ ಗೀಸರ್‌ನ ತಲೆಯ ಮೇಲೆ ಕಡ್ಡಿ ಜೋಡಿಸುತ್ತಿವೆ. ಎಷ್ಟು ಅಂಗುಲದ ಕಣ್ಣಿನ ಬಲೆ ಕಟ್ಟಿಸಬೇಕಿತ್ತು?